ಅಜ್ಜಿಯ ತಾಮ್ರದ ಚೊಂಬು

ಕಳೆದ ತಿಂಗಳು ಊರಿನಿಂದ ದೆಹಲಿಗೆ ಬಂದ ನಮ್ಮ ತಾಯಿಯವರು ಎಂದಿನಂತೆ ರಾತ್ರಿ ತಾಮ್ರದ ಚೊಂಬಿಗೆ ನೀರು ತುಂಬಿಟ್ಟರು. "ಇದರಲ್ಲಿ ಕ್ರಿಮಿ ಉಳಿಯೋದಿಲ್ಲ ಕಣೋ" ಎಂದು ಮೊಮ್ಮಗನಿಗೆ ಹೇಳಿದರು. ಒಂಬತ್ತನೆಯ ತರಗತಿಯ ಅವನು ನನ್ನತ್ತ ತಿರುಗಿ, "ಕಣ್ಣು ಮೂಗು ಇಲ್ಲದ ಬ್ಯಾಕ್ಟೀರಿಯಾಕ್ಕೆ ಇದು ತಾಮ್ರ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಹಿಂದಿಯಲ್ಲಿ ಕೇಳಿದ. ಸರ್ಕಾರಿ ಕಡತಗಳ ನಡುವೆ ನನ್ನ ಬಿ.ಎಸ್‌ಸಿ.ಗೆ ಧೂಳು ಹಿಡಿದು ಇಪ್ಪತ್ತು ವರ್ಷವಾಗಿತ್ತು. ನಾಲ್ಕು ದಿನ ಓದಬೇಕಾಯಿತು.

ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಾಮ್ರಕ್ಕೆಂದೇ ಒಂದು ಕಾವಲು ಪ್ರೋಟೀನು ಇದೆ. ಅದರ ಎರಡು ಗಂಧಕದ ಪರಮಾಣುಗಳು ಎರಡು ಕೈಗಳಂತೆ ತಾಮ್ರವನ್ನು ನೇರ ಸಾಲಿನಲ್ಲಿ ಹಿಡಿಯುತ್ತವೆ. ಸತುವಿಗಾದರೋ ಸಾಮಾನ್ಯವಾಗಿ ನಾಲ್ಕು ಕೈಗಳ ಆಸರೆ ಬೇಕು. ಆ ಜಾಗ ಅದಕ್ಕೆ ಹೊಂದದು. ತಾಮ್ರ ಸಿಕ್ಕೊಡನೆ ಪ್ರೋಟೀನು ಡಿ.ಎನ್.ಎ.ಯನ್ನು ತಿರುಚಿ, ತಾಮ್ರವನ್ನು ಹೊರಹಾಕುವ ಪಂಪನ್ನು ತಯಾರಿಸುವಂತೆ ಮಾಡುತ್ತದೆ. ಕೋಶದಲ್ಲಿ ಒಂದೇ ಒಂದು ಬಿಡಿ ತಾಮ್ರದ ಅಯಾನು ಇದ್ದರೂ ಅತಿಯಾಯಿತು ಎಂಬಷ್ಟು ಸೂಕ್ಷ್ಮ ಈ ಕಾವಲು ಎಂದು 2003ರ ಸಂಶೋಧನೆ ತೋರಿಸಿತು.

ಇಷ್ಟು ಕಟ್ಟುನಿಟ್ಟೇಕೆ? ಕಾಲೇಜಿನಲ್ಲಿ ಓದಿದ ಇರ್ವಿಂಗ್-ವಿಲಿಯಮ್ಸ್ ಶ್ರೇಣಿ ನೆನಪಾಯಿತು. ಮ್ಯಾಂಗನೀಸು, ಕಬ್ಬಿಣ, ಸತುಗಳಿಗಿಂತ ತಾಮ್ರದ ಹಿಡಿತ ಬಿಗಿ. ಬಿಟ್ಟರೆ ಇತರರ ಜಾಗವನ್ನೆಲ್ಲ ಅದೇ ಆಕ್ರಮಿಸುತ್ತದೆ. ಪಂಪು ಸೋತಷ್ಟು ತಾಮ್ರ ನುಗ್ಗಿದಾಗ ಬ್ಯಾಕ್ಟೀರಿಯಾ ಸಾಯುವುದೂ ಇದರಿಂದಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಪ್ರೋಟೀನು ಮೊದಲು ದಾರದಂತಿದ್ದು, ಆಮೇಲೆ ಮಡಚಿಕೊಂಡು ರೂಪ ತಾಳುತ್ತದೆ. ಒಂದು ನೀಲಿ-ಹಸಿರು ಬ್ಯಾಕ್ಟೀರಿಯಾದ ಎರಡು ಪ್ರೋಟೀನುಗಳ ಮಡಿಕೆ ಒಂದೇ ಬಗೆಯದು. ಕೊನೆಗೆ ಎರಡೂ ಇರುವುದು ಕೋಶದ ಹೊರಪದರದಲ್ಲೇ. ಆದರೆ ಒಂದು ಹಿಡಿದಿರುವುದು ತಾಮ್ರವನ್ನು, ಇನ್ನೊಂದು ಮ್ಯಾಂಗನೀಸನ್ನು. ಕಾರಣವನ್ನು 2008ರಲ್ಲಿ ಕಂಡುಕೊಂಡರು: ತಾಮ್ರದ್ದು ಹೊರಗೆ ಹೋಗಿ ಮಡಚಿಕೊಂಡಿತು, ಮ್ಯಾಂಗನೀಸಿನದು ತಾಮ್ರವಿಲ್ಲದ ಒಳಮನೆಯಲ್ಲೇ ಮಡಚಿಕೊಂಡು ಹೊರಟಿತು. ಪ್ರಯೋಗಾಲಯದ ಕೊಳವೆಯಲ್ಲಾದರೆ ತಾಮ್ರದ 10,000 ಪಟ್ಟು ಮ್ಯಾಂಗನೀಸು ಇದ್ದರೆ ಮಾತ್ರ ಅದು ಮ್ಯಾಂಗನೀಸನ್ನು ಹಿಡಿಯುತ್ತದೆ. ಒಳಗೆ ಹಿಡಿದದ್ದನ್ನು ಮಾತ್ರ ಹೊರಗೆ ತಾಮ್ರದ ನಡುವೆಯೂ ಬಿಡುವುದಿಲ್ಲ.

ಓದಿ ಪುಸ್ತಕ ಮುಚ್ಚಿದೆ. ಮಗ ಹುಟ್ಟಿ ಬೆಳೆದದ್ದು ಇಲ್ಲೇ. ಶಾಲೆ, ಬೀದಿ, ಟಿ.ವಿ. ಎಲ್ಲವೂ ಹಿಂದಿ, ಅದು ಅವನ ತಪ್ಪಲ್ಲ. ಆದರೆ ಕಚೇರಿಯಿಂದ ದಣಿದು ಬಂದು, ಮನೆಯೊಳಗೂ ಅವನಿಗೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದವನು ನಾನು.

ಆ ರಾತ್ರಿ ಇದನ್ನೆಲ್ಲ ಅವನಿಗೆ ಕನ್ನಡದಲ್ಲೇ ಹೇಳಿದೆ. 'ಸತು' ಅಂದರೇನೆಂದು ಎರಡು ಸಲ ಕೇಳಿದ. ಎರಡನೆಯ ಸಲ ಅವನ ಅಜ್ಜಿಯೇ ಹೇಳಿಕೊಟ್ಟರು.