ಹಾಡಿಗೆ ಕೈ ತಡೆದಾಗ

ಮಣಿಪಾಲದಲ್ಲಿ ಊಟಕ್ಕೆ ಬರವಿಲ್ಲ. ಊಟದ ಜೊತೆಗೆ ಹಾಡಿಗೂ ಬರವಿಲ್ಲ. ವಿದ್ಯಾರ್ಥಿಗಳಿಂದ ತುಂಬಿದ ಊರು. ಇಲ್ಲಿಯ ಹೋಟೆಲುಗಳಲ್ಲಿ ಹಾಡೂ ಹಪ್ಪಳದಂತೆ. ಕೇಳದೆಯೇ ಬಡಿಸುತ್ತಾರೆ, ಕೇಳದೆಯೇ ಮುಗಿಸುತ್ತೇವೆ.

ಹಾಡಿಗಾಗಿ ಊಟವನ್ನೇ ತಡೆಯುವ ಜನರಿದ್ದಾರೆಂದು ನನಗೆ ತಿಳಿದದ್ದು ಪಣಜಿಯಲ್ಲಿ. ಉಡುಪಿಯಲ್ಲಿ ಕೊಂಕಣ ರೈಲು ಹತ್ತಿದರೆ ಕೆಲವೇ ಗಂಟೆಗಳ ದಾರಿ. ಅಲ್ಲಿಯ ಹಳೆಯ ಕೇರಿಯೊಂದರ ಊಟದ ಮನೆಯಲ್ಲಿ ಆ ರಾತ್ರಿ ಪೋರ್ಚುಗೀಸರ 'ಫಾದೊ' ಗಾಯನವಿತ್ತು. ಫಾದೊ ಎಂದರೆ ವಿಧಿ. ನಮ್ಮ ಮಾತಿನಲ್ಲಿ ಹಣೆಬರಹ. 19ನೆಯ ಶತಮಾನದಲ್ಲಿ ಲಿಸ್ಬನ್ನಿನ ಬಡ ಕೇರಿಗಳ ಪಡಖಾನೆಗಳಲ್ಲಿ ಬೆಳೆದ ಈ ಹಾಡನ್ನು 2011ರಲ್ಲಿ ಯುನೆಸ್ಕೋ ಸಂಸ್ಥೆ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ 1961ರಲ್ಲಿ ಮುಗಿಯಿತು, ಹಾಡು ಉಳಿಯಿತು. ಸೋನಿಯಾ ಶಿರ್ಸಾಟರಂಥ ಗೋವೆಯ ಗಾಯಕಿಯರೇ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಊಟ ಅರ್ಧವಾಗಿತ್ತು. ದೀಪ ಸಣ್ಣದಾಯಿತು. ಬಡಿಸುವವನು ಕೈಯ ತಟ್ಟೆಯೊಡನೆ ಗೋಡೆಗೊರಗಿ ನಿಂತುಬಿಟ್ಟ. ಚಮಚಗಳ ಸದ್ದು ಅಡಗಿತು. ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರು ಮಿಡಿಯಿತು. ಕಪ್ಪು ಶಾಲು ಹೊದ್ದ ಗಾಯಕಿ ಕಣ್ಣು ಮುಚ್ಚಿ ಹಾಡತೊಡಗಿದರು. ನನಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ದೂರ ಹೋದವರನ್ನು ನೆನೆಯುವ ದುಃಖಕ್ಕೆ ನಿಘಂಟು ಬೇಕೆ? ಅವರು ಅದನ್ನು 'ಸೌದಾದ್' ಎನ್ನುತ್ತಾರೆ. ಮಗನನ್ನು ಮುಂಬಯಿಗೋ ದುಬಾಯಿಗೋ ಕಳಿಸಿ ಜಗಲಿಯಲ್ಲಿ ಕುಳಿತ ನಮ್ಮ ಕರಾವಳಿಯ ತಾಯಂದಿರು ಹೆಸರಿಡದೆಯೇ ಅದನ್ನು ಅನುಭವಿಸಿದ್ದಾರೆ.

ಪೋರ್ಚುಗೀಸರು ನಮಗೆ ನೆಂಟರಾಗಿ ಬಂದವರಲ್ಲ. ಬಸರೂರನ್ನು ಹಿಡಿದವರು, ಉಳ್ಳಾಲದ ರಾಣಿ ಅಬ್ಬಕ್ಕ ಕತ್ತಿ ಎತ್ತಿದ್ದು ಇವರ ಮೇಲೆಯೇ. ಹಾಗಿದ್ದೂ ತಟ್ಟೆಯ ಬಟಾಟೆ, ಕೊನೆಗೆ ಬಂದ ಅನಾನಸು, ನನ್ನ ಜೇಬಿನ ಚಾವಿ ಇವೆಲ್ಲ ಅವರ ನುಡಿಯಿಂದ ಬಂದ ಮಾತುಗಳು. ಇಷ್ಟನ್ನು ತೆಗೆದುಕೊಂಡ ನಾವು, ಹಾಡುವಾಗ ಕೈ ತಡೆಯುವ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ನಮ್ಮ ಮದುವೆಯ ಊಟಗಳನ್ನು ನೋಡಿ. ಕದ್ರಿ ಗೋಪಾಲನಾಥರು (1949-2019) ಪರದೇಶದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಈಗ ಅದರ ನಾದ ನಮ್ಮ ಕಡೆಯ ಮದುವೆಗಳಿಗೆ ಹೊಸದಲ್ಲ. ವಾದಕರು ಮೋಹನ ರಾಗವನ್ನು ಬಿಡಿಸುತ್ತಿರುತ್ತಾರೆ. ನಾವು ಸಾರು ಎಲ್ಲಿಯವರೆಗೆ ಬಂತೆಂದು ಕೊರಳು ಚಾಚುತ್ತೇವೆ. ಅವರ ಹೆಸರು ಕೇಳುವವರಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಅವರಿಗೆ ಎಲೆ.

ಪಂಕ್ತಿಯನ್ನೇ ನಿಲ್ಲಿಸಿರೆಂದರೆ ಬೀಗರು ಎದ್ದು ಹೋದಾರು. ಅಷ್ಟು ಬೇಡ. ಒಂದೇ ಒಂದು ಕೀರ್ತನೆ ಮುಗಿಯುವವರೆಗೆ ಪಾಯಸದ ಪಾತ್ರೆ ಬಾಗಿಲಲ್ಲಿ ನಿಲ್ಲಲಿ. ಪಾಯಸ ತುಸು ಆರಿದರೂ ರುಚಿಯೇ.