ತಾಡಪತ್ರಿಯೊಳಗಿನ ಮನೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಯಲಬುರ್ಗಾ, ಕುಷ್ಟಗಿ ಸೀಮೆಯ ಊರುಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರಿಗೆ ಬೇರೆಯೇ ಕಳೆ ಬರುತ್ತದೆ. ಮೊನ್ನೆಯವರೆಗೆ ತಿಪ್ಪೆಗೊಬ್ಬರ, ಮರಳು, ತೊಗರಿಕಟ್ಟಿಗೆ ಹೊತ್ತು ತಿರುಗಿದ್ದು ಈಗ ಬೋರಿನ ನೀರಲ್ಲಿ ಮೈ ತೊಳೆಸಿಕೊಳ್ಳುತ್ತದೆ. ಬಿದಿರಿನ ಗಳ ಬಾಗಿಸಿ ಕಮಾನು ಏರಿಸುತ್ತಾರೆ. ಅದರ ಮೇಲೆ ತಾಡಪತ್ರಿ. ತಳದಲ್ಲಿ ಹುಲ್ಲು, ಹುಲ್ಲಿನ ಮೇಲೆ ಗೋಣಿತಟ್ಟು, ಅದರ ಮೇಲೆ ಜಮಖಾನ. ಸಂಜೆಯ ಹೊತ್ತಿಗೆ ಹತ್ತು ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಕಬ್ಬಿಣದ ಡಬ್ಬಿ ಒಂದು ಓಣಿಯ ಮನೆಯಾಗಿ ನಿಂತಿರುತ್ತದೆ. ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು, ಬಹುಳ ಬಿದಿಗೆಗೆ ಕೊಪ್ಪಳದ ಗವಿಮಠದ ತೇರು. ತಿಂಗಳು ಕಳೆದರೆ ಭಾರತ ಹುಣ್ಣಿಮೆ, ಸವದತ್ತಿ ಯಲ್ಲಮ್ಮನ ಗುಡ್ಡ. ಬೇಸಿಗೆಗೆ ತುಂಗಭದ್ರೆಯ ದಂಡೆಯ ಹುಲಿಗಿ. ಈ ಮನೆ ಸುಗ್ಗಿಯಿಂದ ಮುಂಗಾರಿನವರೆಗೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ನಡೆದೇ ಇರುತ್ತದೆ.

ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪರ್ ಟ್ರೇಲರುಗಳಿವೆ. ಅವನ್ನು ಕೊಳ್ಳುವವರು ಎರಡು ಮಾತು ತಪ್ಪದೆ ವಿಚಾರಿಸುತ್ತಾರೆ. ನಿಂತ ಮೇಲೆ ಬಿಚ್ಚಿ ಹೂಡಲು ಎಷ್ಟು ಹೊತ್ತು ಬೇಕು? ಮಣ್ಣಿನ ರಸ್ತೆಯಲ್ಲಿ ಒಳಗೆ ಧೂಳು ಬರುತ್ತದೋ ಇಲ್ಲವೋ? ನಮ್ಮ ಕಡೆಯ ಹೆಣ್ಣುಮಕ್ಕಳು ಹೊರಡುವ ಮುಂಚೆ ಟ್ರೇಲರ್ ಸುತ್ತ ಒಂದು ಸುತ್ತು ಹಾಕಿ, ತಾಡಪತ್ರಿಯ ಅಂಚು ಎಳೆದು ನೋಡಿ ಕೇಳುವುದೂ ಇವೇ ಎರಡು. ನನಗೆ ಈ ಎರಡು ಪ್ರಶ್ನೆ ಬಹಳ ಹಿಡಿಸುತ್ತವೆ. ಪ್ರಯಾಣದ ಸುಖದುಃಖವೆಲ್ಲ ಇವುಗಳಲ್ಲೇ ಇದೆ.

ಮೊದಲು ಧೂಳಿನ ಮಾತು ಆಡೋಣ, ಅದರಲ್ಲಿ ನಾವು ಶ್ರೀಮಂತರು. ಎರೆ ಸೀಮೆಯ ಧೂಳು ಕಪ್ಪು, ಹಿಟ್ಟಿನಷ್ಟು ನುಣ್ಣಗೆ. ಮಳೆಗಾಲದಲ್ಲಿ ಗಾಲಿಗೆ ಅಂಟಿ ಬಿಡದ ಎರೆಮಣ್ಣೇ ಜನವರಿಯಲ್ಲಿ ಗಾಲಿ ತಾಕಿದೊಡನೆ ಹೊಗೆಯಾಗಿ ಏಳುತ್ತದೆ. ಮಸಾರಿ ಹೊಲದ ದಾರಿಗೆ ಹೊರಳಿದರೆ ಧೂಳು ಕೆಂಪು, ಕೊಂಚ ಉರುಟು. ಬೇಗ ಕೆಳಗೆ ಕೂಡುತ್ತದೆ, ಆದರೆ ಹಲ್ಲಿಗೆ ಸಿಕ್ಕರೆ ಕರಕರ ಅನ್ನುತ್ತದೆ. ಗಂಗಾವತಿ ಕಡೆ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ; ಅಲ್ಲಿ ಧೂಳೇ ಇರದು ಅಂದುಕೊಳ್ಳುವವರು ಕೊಯ್ಲಾದ ಮೇಲೆ ರೈಸ್ ಮಿಲ್ಲುಗಳ ಬದಿಯಲ್ಲಿ ಒಮ್ಮೆ ಹಾದುಹೋಗಬೇಕು. ಭತ್ತದ ಹೊಟ್ಟಿನ ಆ ಧೂಳು ಕುತ್ತಿಗೆಗೆ ಬಿದ್ದರೆ ಸ್ನಾನ ಮಾಡುವವರೆಗೂ ತುರಿಕೆ ತಪ್ಪದು. ಇನ್ನು ಗಿಣಿಗೇರಿಯ ಸುತ್ತ ಕಾರ್ಖಾನೆಗಳ ಮಸಿ. ಅದು ಮಣ್ಣಿನ ಧೂಳಲ್ಲ. ಒರೆಸಿದರೆ ಹೋಗದೆ ಬಟ್ಟೆಗೆ ಎಳೆದುಕೊಳ್ಳುತ್ತದೆ. 2025ರಲ್ಲಿ ಕೊಪ್ಪಳದ ಜನ ಊರು ಬಂದ್ ಮಾಡಿ ಬೀದಿಗಿಳಿದದ್ದು ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು. ಎರೆಯ ಧೂಳು, ಮಸಾರಿಯ ಧೂಳು ನಮ್ಮವು, ತಲೆತಲಾಂತರದಿಂದ ಅವುಗಳ ಜೊತೆ ಬದುಕಿದ್ದೇವೆ. ಈ ಮಸಿಯ ಜೊತೆ ಬದುಕು ಎನ್ನುವುದು ಯಾರಿಗೂ ಹೇಳುವ ಮಾತಲ್ಲ.

ಹಿಂದೆ ಜಾತ್ರೆಗೆ ಹೋಗುತ್ತಿದ್ದದ್ದು ಕೊಲ್ಲಾರಿ ಬಂಡಿಯಲ್ಲಿ. ಎತ್ತಿನ ಕೊರಳಿನ ಗೆಜ್ಜೆಸರ, ಬಿದಿರ ತಟ್ಟಿಯ ಕಮಾನು, ಒಳಗೆ ಎರಡು ಮೂರು ಮನೆಯ ಹೆಂಗಸರು ಮಕ್ಕಳು. ಎತ್ತು ನಡೆಯುವ ವೇಗಕ್ಕೆ ತಮ್ಮ ಬಂಡಿಯ ಧೂಳು ತಮಗೆ ತಾಗುತ್ತಿರಲಿಲ್ಲ, ಅದು ಹಿಂದೆಯೇ ಉಳಿಯುತ್ತಿತ್ತು. ತಾಗುತ್ತಿದ್ದದ್ದು ಮುಂದಿನ ಬಂಡಿಯ ಧೂಳು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇರಬೇಕೆಂದು ನಸುಕಿನಲ್ಲೇ ಎತ್ತು ಹೂಡುತ್ತಿದ್ದರು.

ಟ್ರ್ಯಾಕ್ಟರ್ ಬಂದ ಮೇಲೆ ಲೆಕ್ಕ ಬದಲಾಯಿತು. ವೇಗ ಹೆಚ್ಚಿದ ಡಬ್ಬಿ ತನ್ನ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಹೇಗೆಂದರೆ, ಓಡುವ ಟ್ರೇಲರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಇಳಿಯುತ್ತದೆ. ಗಾಲಿಗಳು ಎಬ್ಬಿಸಿದ ಧೂಳೆಲ್ಲ ಆ ತೆರವಿಗೆ ನುಗ್ಗಿ ಸುತ್ತುತ್ತದೆ, ಅಲ್ಲಿಂದ ಹಿಂದಿನ ಹಲಗೆಯ ಸಂದಿ ಹಿಡಿದು ಒಳಗೆ ಬರುತ್ತದೆ. ದಾರಿ ಸವೆಸಿ ನಿಂತಾಗ ಹಲಗೆಯ ಒಳಮೈ ನೋಡಿ. ಕೀಲಿನ ಎರಡೂ ಬದಿ, ಚಿಲಕದ ತೂತಿನ ಸುತ್ತ, ತಳದ ತಗಡು ಹಲಗೆಗೆ ಕೂಡುವ ಗೆರೆಯುದ್ದಕ್ಕೂ ಧೂಳು ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ಎಲ್ಲಿ ಸಂದಿ ಇದೆ ಎಂಬುದನ್ನು ಅದೇ ಗುರುತು ಮಾಡಿ ತೋರಿಸುತ್ತದೆ. ನಮ್ಮ ಚಿಗವ್ವ ಆ ಗುರುತು ನೋಡಿಯೇ ಮುಂದಿನ ಸಲದ ತಯಾರಿ ಮಾಡುತ್ತಿದ್ದಳು. ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಸುರುಳಿ ಸುತ್ತಿ, ಹಲಗೆ ಏರಿಸುವ ಮುಂಚೆ ತಳದ ಗೆರೆಗೆ ಇಟ್ಟು, ಮೇಲೆ ಹಲಗೆ ಒತ್ತಿ ಚಿಲಕ ಹಾಕಿಸುವಳು. ಕೀಲಿನ ತೂತಿಗೆ ಚಿಂದಿ. ಹಲಗೆಯ ಹೊರಗೆ, ಕಮಾನಿನ ಹಿಂಬದಿಯಲ್ಲಿ, ನೀರು ಚಿಮುಕಿಸಿದ ಗೋಣಿಚೀಲದ ಪರದೆ. ಅದು ಒಣಗಿತೆಂದರೆ ಗಾಡಿ ನಿಲ್ಲಿಸಿ ಮತ್ತೆ ನೀರು.

ಸಂದಿ ಮುಚ್ಚುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಕಿನ್ನಾಳದ ಚಿತ್ರಗಾರರು ಗೊಂಬೆಯ ಕಟ್ಟಿಗೆ ತುಂಡುಗಳನ್ನು ಕೂಡಿಸಿದ ಮೇಲೆ ಹುಣಸೆಬೀಜದ ಅಂಟಿನಲ್ಲಿ ಚಿಂದಿಯ ಪುಡಿ ಕಲಸಿದ ಕಿಟ್ಟ ಮೆತ್ತಿ ಕೂಡುಗೆರೆ ಕಾಣದಂತೆ ಮಾಡುತ್ತಾರೆ. ಎರೆ ಸೀಮೆಯ ಊರುಗಳಲ್ಲಿ ಜೋಳ ಕೆಡದಂತೆ ಇಡುತ್ತಿದ್ದ ಹಗೇವುಗಳಿದ್ದವು. ನೆಲದೊಳಗಿನ ಕುಣಿ, ಸುತ್ತ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು ಮೆತ್ತಿ ಗಾಳಿಯಾಡದಂತೆ ಮುಚ್ಚಿಬಿಡುವುದು. ವರ್ಷ ಕಳೆದರೂ ಜೋಳಕ್ಕೆ ಹುಳ ಬೀಳುತ್ತಿರಲಿಲ್ಲ. ಆದರೆ ಹಗೇವು ತೆರೆದ ದಿನ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಾಯಿ ತೆಗೆದು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಕಾಳಿಗೆ ಹಿತವಾದ ಮುಚ್ಚುವಿಕೆ ಮನುಷ್ಯನ ಜೀವ ತೆಗೆಯುತ್ತದೆ ಎಂಬುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು.

ಟ್ರೇಲರಿನಲ್ಲೂ ಹೀಗೆಯೇ. ಹೊಸಬರು ಧೂಳಿಗೆ ಹೆದರಿ ತಾಡಪತ್ರಿಯನ್ನು ನಾಲ್ಕೂ ಕಡೆ ಬಿಗಿದು ಕಟ್ಟಿಬಿಡುತ್ತಾರೆ. ಒಳಗೆ ಉಸಿರುಗಟ್ಟುತ್ತದೆ, ಕೂಸುಗಳು ಅಳುತ್ತವೆ, ಮೇಲಾಗಿ ಧೂಳೂ ನಿಲ್ಲುವುದಿಲ್ಲ. ಹಿಂದಿನ ತೆರವು ಎಳೆಯುತ್ತಲೇ ಇರುವಾಗ ಕೂದಲೆಳೆಯ ಸಂದಿ ಸಾಕು. ಬಲ್ಲವರು ಮಾಡುವುದೇ ಬೇರೆ. ಮುಂದಿನ ಕಮಾನಿನ ನೆತ್ತಿಯಲ್ಲಿ, ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಧೂಳು ಏರದಷ್ಟು ಎತ್ತರದಲ್ಲಿ, ಒಂದು ಗೇಣು ತಾಡಪತ್ರಿ ಬಿಚ್ಚಿಟ್ಟು ಅದಕ್ಕೆ ತೆಳ್ಳನೆಯ ಬಟ್ಟೆ ಕಟ್ಟುತ್ತಾರೆ. ಮುಂದಿನಿಂದ ಶುದ್ಧ ಗಾಳಿ ಒಳನುಗ್ಗುತ್ತದೆ. ಒಳಗಿನ ಒತ್ತಡ ತುಸು ಏರಿ, ಉಳಿದ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ದೂರದ ದೇಶದ ಕ್ಯಾಂಪರ್ ಟ್ರೇಲರುಗಳಲ್ಲೂ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಕೂಡಿಸಿದ್ದಲ್ಲದೆ, ಚಾವಣಿಯಲ್ಲಿ ಮುಂದಕ್ಕೆ ಮುಖ ಮಾಡಿದ ಗಾಳಿಬಾಯಿ ಇಟ್ಟು ಇದೇ ಕೆಲಸ ಮಾಡಿಸುತ್ತಾರೆ. ಕೆಳಗೆ ಬಿಗಿ, ಮೇಲೆ ಸಡಿಲ, ಹಿಂದೆ ಮುಚ್ಚು, ಮುಂದೆ ತೆರೆ. ಇಷ್ಟು ತಿಳಿದವರ ಟ್ರೇಲರಿನಲ್ಲಿ ಕೂತು ಬರುವುದು ಒಂದು ಸುಖ.

ಇಷ್ಟೆಲ್ಲ ಕಾಳಜಿ ಮನುಷ್ಯರಿಗಾಗಿ ಮಾತ್ರವಲ್ಲ, ರೊಟ್ಟಿಗಾಗಿಯೂ. ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ ಹೋಗುತ್ತದೆ. ಓಣಿಯ ಹೆಣ್ಣುಮಕ್ಕಳು ಸೇರಿ ಬಡಿದು, ಬೇಯಿಸಿ, ಬಿಸಿಲಿಗೆ ಹರವಿ ಖಡಕ್ ಮಾಡಿದ ರೊಟ್ಟಿ. ಅಕ್ಕಿಗೆ ಮಣ್ಣು ಬಿದ್ದರೆ ತೊಳೆಯಬಹುದು, ಬೇಳೆಯನ್ನು ಕೇರಬಹುದು. ಖಡಕ್ ರೊಟ್ಟಿಯ ಮೇಲೆ ಕೂತ ಧೂಳಿಗೆ ಉಪಾಯವಿಲ್ಲ. ಅದಕ್ಕೇ ಮೊದಲು ಬಿದಿರಿನ ಬುಟ್ಟಿ, ಒಳಗೆ ಒಗೆದ ಬಿಳಿ ಧೋತರ, ರೊಟ್ಟಿಯ ಅಡಕಲು, ಧೋತರದ ನಾಲ್ಕು ಸೆರಗು ಮೇಲೆ ತಂದು ಗಂಟು, ಅದರ ಮೇಲೆ ಇನ್ನೊಂದು ದಪ್ಪ ಬಟ್ಟೆ. ಬುಟ್ಟಿಗಳನ್ನು ಟ್ರೇಲರಿನ ಮುಂಭಾಗಕ್ಕೆ ಇಡುತ್ತಾರೆ. ಹಿಂದೆ ಇಡುವವರು ಇಲ್ಲವೇ ಇಲ್ಲ. ದಾಸೋಹದ ಪಂಕ್ತಿಯಲ್ಲಿ ಕೂತು ಆ ರೊಟ್ಟಿ ಮುರಿದಾಗ ಟಣ್ ಎಂದು ಸದ್ದಾಗಿ, ಬಾಯಲ್ಲಿ ಒಂದು ಕಣವೂ ಕರಕರ ಅನ್ನದಿದ್ದರೆ, ಯಾವುದೋ ಊರಿನ ಹೆಣ್ಣುಮಗಳು ಅಷ್ಟು ದೂರದವರೆಗೆ ಆ ಗಂಟನ್ನು ಕಣ್ಣಿಟ್ಟು ಕಾದಿದ್ದಾಳೆಂದು ತಿಳಿಯಬೇಕು.

ಈಗ ಹೂಡುವ ಹೊತ್ತಿನ ಮಾತು. ಮಲಪ್ರಭೆಯ ಬಯಲಲ್ಲೋ ಹುಲಿಗಿಯ ಹೊಳೆದಂಡೆಯಲ್ಲೋ ಬೇವಿನ ಮರ ಹುಡುಕಿ ಟ್ರ್ಯಾಕ್ಟರ್ ನಿಂತಿತು ಅನ್ನಿ. ಗಾಲಿಗೆ ಕಲ್ಲು ಕೊಡುತ್ತಾರೆ. ಹಿಂದಿನ ಹಲಗೆ ಇಳಿಸಿ ಕೆಳಗೆ ಎರಡು ಗೂಟ ಕೊಟ್ಟರೆ ಅದೇ ಕಟ್ಟೆ. ತಾಡಪತ್ರಿಯ ಒಂದು ಬದಿ ಎತ್ತಿ ಗಳಕ್ಕೆ ಬಿಗಿದರೆ ಪಡಸಾಲೆ. ಮೂರು ಕಲ್ಲು, ಒಲೆ. ಬ್ಯಾರಲ್‌ನಿಂದ ಕೊಡಕ್ಕೆ ನೀರು. ಚಹಾ ಕುದಿಯುವಷ್ಟರಲ್ಲಿ ಮನೆ ನಿಂತಿರುತ್ತದೆ. ಪಕ್ಕದಲ್ಲಿ ನಿಂತ ಇನ್ನೊಂದು ಟ್ರೇಲರಿನವರು ಆಗಲೂ ಹಗ್ಗ ಬಿಚ್ಚುತ್ತಾ, ಕಡ್ಡಿಪೆಟ್ಟಿಗೆ ಯಾರ ಚೀಲದಲ್ಲಿದೆ ಎಂದು ಕೂಗಾಡುತ್ತಾ ಇರುತ್ತಾರೆ.

ಈ ಅಂತರ ಬರುವುದು ಅಲ್ಲಿಯ ಚುರುಕುತನದಿಂದಲ್ಲ. ಊರಲ್ಲಿ ಹೇರುವಾಗಲೇ ಅದು ತೀರ್ಮಾನವಾಗಿರುತ್ತದೆ. ಮೊದಲು ಬೇಕಾದದ್ದು ಕೊನೆಗೆ ಏರಬೇಕು. ಗೂಟ, ಸುತ್ತಿಗೆ, ಕಡ್ಡಿಪೆಟ್ಟಿಗೆ, ಚಹಾದ ಪಾತ್ರೆ ಹಲಗೆಯ ಬಾಯಲ್ಲಿ ಕೈಗೆ ಸಿಗುವಂತಿರಬೇಕು. ಮಾದಲಿಯ ಡಬ್ಬಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಒಳಗೆ ಹೋದರೂ ನಡೆಯುತ್ತದೆ. ಹಗ್ಗಕ್ಕೆಲ್ಲ ಜಾರುಗಂಟು. ಒಂದು ತುದಿ ಎಳೆದರೆ ಸರ್‍ರನೆ ಬಿಚ್ಚಿಕೊಳ್ಳಬೇಕು. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಬಿಚ್ಚಲಾಗದ ಗಂಟನ್ನು ಹಗಲಲ್ಲಿ ಎಷ್ಟೇ ಚೆಂದ ಹಾಕಿದ್ದರೂ ಅದು ಕೆಟ್ಟ ಗಂಟೇ. ಧೂಳಿಗೆಂದು ಬಿಗಿದಷ್ಟೂ ಬಿಚ್ಚುವುದು ತಡ, ಬೇಗ ಬಿಚ್ಚಲೆಂದು ಸಡಿಲ ಬಿಟ್ಟಷ್ಟೂ ಧೂಳು. ಇವೆರಡರ ನಡುವೆ ಹದ ಹಿಡಿಯುವುದೇ ಕೈಗುಣ. ಆ ಕೈಗುಣ ನಮ್ಮಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಎಂದು ನಾನು ನಂಬುತ್ತೇನೆ.

ಬೇಗ ಹೂಡುವುದರಲ್ಲಿ ಎಲ್ಲರಿಗೂ ಗುರುಗಳು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಹಟ್ಟಿ ಹಾಕುತ್ತಾ ಹೋಗುವ ಅವರ ಸಂಸಾರವೆಲ್ಲ ಕುದುರೆಯ ಬೆನ್ನಿನಷ್ಟು. ಗೂಟ ಬಡಿದು ಬಲೆ ಎಳೆದರೆ ಕುರಿಗಳಿಗೆ ದೊಡ್ಡಿ, ಮರಿಗಳಿಗೆ ಬುಟ್ಟಿ ಮರೆ, ತಮಗೆ ಕಂಬಳಿ. ಕರಿ ಕಂಬಳಿಗೆ ಧೂಳು ತಾಗಿದರೆ ಕೊಡವಿದರೆ ಆಯಿತು. ಅವರಿಗೆ ಮುಚ್ಚುವ ಚಿಂತೆಯಿಲ್ಲ, ಬಿಚ್ಚುವ ಚಿಂತೆಯೂ ಇಲ್ಲ.

ಜಾತ್ರೆಗೆ ಹೊದ್ದ ತಾಡಪತ್ರಿಯೇ ಮುಂದೆ ಕಣದಲ್ಲಿ ಕಡಲೆಯ ರಾಶಿಗೆ ಹಾಸಾಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಮಡಚಿಕೊಂಡು ಗುಳೆ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾದಿಂದ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋದವರು ಕಟ್ಟಡದ ಬುಡದಲ್ಲಿ ಅದನ್ನೇ ಬಿಗಿದು ಮನೆ ಮಾಡಿಕೊಳ್ಳುತ್ತಾರೆ. ಅಲ್ಲಿ ಸಿಮೆಂಟಿನ ಧೂಳು. ಕಟ್ಟುವ ಕೈ ಅದೇ, ಗಂಟು ಅದೇ. ಜಾತ್ರೆಯಲ್ಲಿ ಕಲಿತದ್ದು ಗುಳೆಯಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಹೇಳುವಾಗ ನನಗೆ ಸಂತೋಷವಾಗುವುದಿಲ್ಲ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಹೆದ್ದಾರಿಗಳು ಅಗಲವಾಗಿವೆ. ಆದರೂ ಓಣಿಗೆ ಓಣಿಯೇ ಅಕ್ಕಿ, ಒಲೆ, ಮುದುಕಿ, ಕೂಸುಗಳ ಸಮೇತ ಹೋಗಿ ಎರಡು ದಿನ ಬಯಲಲ್ಲಿ ಇದ್ದು ಬರುವುದು ಟ್ರೇಲರಿನಲ್ಲಿ ಆದಷ್ಟು ಬೇರೆಯದರಲ್ಲಿ ಆಗದು. ಕೃಷಿ ಟ್ರೇಲರಿನಲ್ಲಿ ಜನರನ್ನು ಕೂಡಿಸಿಕೊಂಡು ಹೋಗಲು ಕಾನೂನಿನ ಒಪ್ಪಿಗೆಯಿಲ್ಲ, ಅದಕ್ಕೆ ಕಾರಣವೂ ಇದೆ. ಜಾತ್ರೆಯ ದಿನಗಳಲ್ಲಿ ಟ್ರೇಲರುಗಳಿಗೆ ಹಿಂದಿನಿಂದ ಲಾರಿ, ಬಸ್ಸು ಬಡಿದು ಹೋದ ಜೀವಗಳು ನಮ್ಮ ಸೀಮೆಯಲ್ಲಿ ಕಡಿಮೆಯಲ್ಲ. ಹಿಂದಿನ ಹಲಗೆಗೆ ಮುತ್ತುವ ಆ ಧೂಳು ಅಲ್ಲಿರುವ ಕೆಂಪು ರಿಫ್ಲೆಕ್ಟರನ್ನೂ ಮುಚ್ಚುತ್ತದೆ. ಇಳಿಬಿಟ್ಟ ತಾಡಪತ್ರಿ, ಗೋಣಿಯ ಪರದೆ ಉಳಿದದ್ದನ್ನು ಮರೆಮಾಡುತ್ತವೆ. ಸಾಮಾನು ಟ್ರೇಲರಿನಲ್ಲಿ, ಜನ ಬಸ್ಸಿನಲ್ಲಿ ಎಂಬ ಏರ್ಪಾಡು ಕೆಲವು ಊರುಗಳಲ್ಲಿ ಆಗುವಂಥದ್ದು. ಆಗುವಲ್ಲಿ ದಯವಿಟ್ಟು ಹಾಗೆಯೇ ಮಾಡಿ. ಆಗದಿದ್ದರೆ ಹಗಲಿನಲ್ಲೇ ಊರು ಸೇರಿ. ಪರದೆಯ ಹೊರಮೈಗೂ ಒಂದು ರಿಫ್ಲೆಕ್ಟರ್ ಪಟ್ಟಿ ಹೊಲಿಸಿ, ಗೋಣಿಗೆ ನೀರು ಚಿಮುಕಿಸಲು ನಿಂತಾಗಲೆಲ್ಲ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ.