ತಂತಿಹುಳುವಿನ ಬಾಲ್ಯ

ಬೆನ್ನ ಮೇಲೆ ಬಿದ್ದ ದುಂಬಿ ಸಾಮಾನ್ಯವಾಗಿ ಕಾಲು ಬಡಿದು ಒದ್ದಾಡುತ್ತದೆ. ಎಲಟೆರಿಡೇ ಕುಟುಂಬದ ದುಂಬಿಗೆ ಆ ಗೋಳಿಲ್ಲ. ಮೈಯನ್ನು ಬಿಲ್ಲಿನಂತೆ ಬಾಗಿಸಿ ‘ಟಿಕ್’ ಎಂದು ಸದ್ದು ಮಾಡಿ ಮೇಲಕ್ಕೆ ಚಿಮ್ಮುತ್ತದೆ. ಎದೆಯಡಿಯ ಮುಳ್ಳೊಂದು ಗುಳಿಯ ಅಂಚಿಗೆ ಆತುಕೊಂಡಿರುತ್ತದೆ. ಸ್ನಾಯು ಬಿಗಿದು ಬಿಗಿದು ಕಡೆಗೆ ಮುಳ್ಳು ಥಟ್ಟನೆ ಗುಳಿಗೆ ಜಾರುತ್ತದೆ. ಕಾಲಿಗೆ ಕೆಲಸವೇ ಇಲ್ಲ. ದೀಪಕ್ಕೆ ಬಂದ ಇದನ್ನು ಮಕ್ಕಳು ಮಗುಚಿ ಮಗುಚಿ ಆಡಿಸುವುದುಂಟು.

ಇದರ ಬಾಲ್ಯ ಮಾತ್ರ ಆಟದ್ದಲ್ಲ. ಮರಿ ಬೆಳೆಯುವುದು ಮಣ್ಣೊಳಗೆ: ತೆಳ್ಳಗೆ, ಹಳದಿಗಂದು, ತಂತಿಯಷ್ಟು ಗಟ್ಟಿ. ಹಾಗಾಗಿ ತಂತಿಹುಳು. ಸಹಸ್ರಪದಿಯ ಮರಿಯೆಂದು ಕೆಲವರು ಬಿಟ್ಟುಬಿಡುತ್ತಾರೆ; ಇದಕ್ಕೆ ತಲೆಯ ಹತ್ತಿರ ಮೂರೇ ಜೊತೆ ಕಾಲು. ಕೆಲವು ಜಾತಿಗಳು ದುಂಬಿಯಾಗಲು ವರ್ಷಗಳನ್ನೇ ತೆಗೆದುಕೊಳ್ಳುತ್ತವೆ.

ಹೈದರಾಬಾದಿನಿಂದ ಬೀದರಿನತ್ತ ಹೊರಟರೆ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಹುಟ್ಟಿತು. ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಒಂದೇ ಆವರಣದಲ್ಲಿರುವ ಆ ಸಂಸ್ಥೆ ಕೈಗೆತ್ತಿಕೊಂಡ ಬೆಳೆಗಳಲ್ಲಿ ಕಡಲೆಕಾಯಿಯೂ ಒಂದು. ಹೂವು ಮೇಲೆ, ಕಾಯಿ ಕೆಳಗೆ. ಹೂವು ಬಾಡಿದ ಮೇಲೆ ಸೂಜಿಯಂಥ ಎಳೆ ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ, ಹುಳುವಿನ ಮನೆಯಲ್ಲೇ. ನಮ್ಮ ಕಡೆ ಗೊಣ್ಣೆಹುಳು, ಗೆದ್ದಲುಗಳ ಕಾಟವೇ ದೊಡ್ಡದು ನಿಜ. ಅವುಗಳ ಗಲಾಟೆಯಲ್ಲಿ ತಂತಿಹುಳು ಲೆಕ್ಕಕ್ಕೇ ಬರುವುದಿಲ್ಲ. ಗಿಡ ಹಸಿರಾಗಿ ನಿಂತಿರುತ್ತದೆ, ಕಿತ್ತಾಗ ಕಾಯಿಯಲ್ಲಿ ತೂತು.

ತೂತಿನ ನಷ್ಟವನ್ನು ತೂಕದಲ್ಲಿ ಅಳೆದರೆ ಅರ್ಧವೇ ಅಳೆದಂತೆ. ಯಾವ ಹುಳು ಕೊರೆದರೂ ಆ ದಾರಿಯಲ್ಲಿ ಆಸ್ಪರ್‌ಜಿಲಸ್ ಎಂಬ ಬೂಷ್ಟು ಒಳಹೊಕ್ಕು ಅಫ್ಲಟಾಕ್ಸಿನ್ ವಿಷ ಮಾಡಬಲ್ಲದು. ಅದು ಯಕೃತ್ತನ್ನು ಕೆಡಿಸುವ, ಕ್ಯಾನ್ಸರ್ ತರುವ ವಿಷ. ಹುರಿದರೂ ಪೂರ್ತಿ ಹೋಗುವುದಿಲ್ಲ. ಮಾರಲಾಗದ ಮುಕ್ಕು ಕಾಳನ್ನು ಮನೆಯ ಚಟ್ನಿಗೆ ಉಳಿಸಿಕೊಳ್ಳುವವರ ತಟ್ಟೆಗೇ ಇದು ಮೊದಲು ಬರುವುದು.

ಒಂದು ಕಾಲಕ್ಕೆ ಮಣ್ಣಿನ ಹುಳುವಿಗೆಲ್ಲ ಆಲ್ಡ್ರಿನ್ ಪುಡಿಯೇ ಮದ್ದಾಗಿತ್ತು. ಹುಳು ಸತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದ ಅದನ್ನು ಭಾರತ 1996ರಲ್ಲಿ ನಿಷೇಧಿಸಿತು. ಈಗಲೂ ಹುಳು ಇದೆಯೋ ಇಲ್ಲವೋ ನೋಡದೆ ಮದ್ದು ಸುರಿಯುವ ಆತುರ ಹೋಗಿಲ್ಲ. ನೋಡುವ ಉಪಾಯವೇನೋ ಅಗ್ಗದ್ದು: ಬಿತ್ತುವ ಮುಂಚೆ ಹೊಲದಲ್ಲಿ ಅಲ್ಲಲ್ಲಿ ಆಲೂಗಡ್ಡೆಯ ಹೋಳನ್ನೋ ಮೊಳಕೆ ಕಾಳನ್ನೋ ಹೂತು ಗುರುತಿಗೆ ಕಡ್ಡಿ ನೆಡುವುದು, ಕೆಲವು ದಿನ ಬಿಟ್ಟು ಅಗೆಯುವುದು. ತಂತಿಹುಳು ಇದ್ದರೆ ಹೋಳಿನೊಳಗೆ ತಲೆ ತೂರಿಸಿಕೊಂಡು, ಬಾಲ ಹೊರಗೆ ಬಿಟ್ಟು ಕೂತಿರುತ್ತದೆ.